ಹಗೇವು ಎಷ್ಟು ಆಳ ಇತ್ತು?

ಹೋದ ಫೆಬ್ರುವರಿಯಲ್ಲಿ, ಹೊರಗೆ ಮೊಳಕಾಲುದ್ದ ಹಿಮ ಬಿದ್ದಿದ್ದ ಒಂದು ಮಧ್ಯಾಹ್ನ, ನಾನು ಕೆಲಸ ಮಾಡುವ ಫ್ರೇಮಿನ ಅಂಗಡಿಗೆ ಒಬ್ಬ ಹುಡುಗಿ ಬಂದಳು. ಇಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿರುವ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಎಂಬ ಕಲಾಶಾಲೆಯಲ್ಲಿ ಸೆರಾಮಿಕ್ಸ್ ಕಲಿಯುವವಳು, ಮೂರನೇ ವರ್ಷ. ಉಗುರಿನ ಸಂದಿಯಲ್ಲೆಲ್ಲ ಒಣಗಿದ ಮಣ್ಣು. ತನ್ನ ನಾಲ್ಕು ಚಿತ್ರಗಳಿಗೆ, ಚೌಕಟ್ಟಿನೊಳಗೆ ಚಿತ್ರದ ಸುತ್ತ ಕೂರಿಸುವ ಮ್ಯಾಟ್ ಬೋರ್ಡಿನ ಬಣ್ಣ ಆರಿಸುತ್ತ ನನ್ನ ಊರು ಯಾವುದೆಂದು ಕೇಳಿದಳು. ಇಂಡಿಯಾ ಅಂದೆ. ಇಂಡಿಯಾದಲ್ಲಿ ಎಲ್ಲಿ? ಕರ್ನಾಟಕ ಅಂದೆ. ಬೆಂಗಳೂರಾ ಎಂದು ಕೇಳುತ್ತಾಳೆ ಅಂದುಕೊಂಡೆ, ಎಲ್ಲರೂ ಕೇಳುವುದು ಅದನ್ನೇ. ಅವಳು ಕೈಯಲ್ಲಿದ್ದ ಬೋರ್ಡು ಕೆಳಗಿಟ್ಟು, "ಹಾಗಾದರೆ ನಿಮ್ಮ ಕಡೆ ಜೋಳವನ್ನು ನೆಲದೊಳಗೆ ಗುಂಡಿ ತೋಡಿ ಇಡುತ್ತಿದ್ದರಂತಲ್ಲ, ಅದನ್ನು ನೀವು ನೋಡಿದ್ದೀರಾ?" ಅಂದಳು.

ನೋಡುವುದೇನು, ನಮ್ಮ ಮನೆಯ ಅಂಗಳದಲ್ಲೇ ಹಗೇವು ಇತ್ತು. ರೋಣದ ಕಡೆಯ ಹಳ್ಳಿ ನಮ್ಮದು. ಅದರ ಬಾಯಿಗೆ ಮುಚ್ಚಿದ ಕಲ್ಲಿನ ಮೇಲೆ ಕೂತು ನಾನು ಮಗ್ಗಿ ಬಾಯಿಪಾಠ ಮಾಡಿದ್ದೇನೆ. ಹೆಮ್ಮೆಯಿಂದ ಹೌದೆಂದೆ. ಅವಳ ಮುಖ ಅರಳಿತು, ಚೀಲದಿಂದ ನೋಟ್‌ಬುಕ್ ತೆಗೆದಳು. ಎಷ್ಟು ಆಳ? ಬಾಯಿ ಎಷ್ಟು ಅಗಲ? ಒಳಗೋಡೆಗೆ ಏನು ಮೆತ್ತುತ್ತಿದ್ದರು, ಮಣ್ಣೋ ಸಗಣಿಯೋ? ಹುಳ ಯಾಕೆ ಬೀಳುತ್ತಿರಲಿಲ್ಲ? ಮಳೆಗಾಲದಲ್ಲಿ ನೀರು ಜಿನುಗುತ್ತಿರಲಿಲ್ಲವೇ? ಎಷ್ಟು ವರ್ಷದ ತನಕ ಇಡುತ್ತಿದ್ದರು?

ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. "ತುಂಬಾ ಆಳ" ಅಂದೆ. ಅವಳು ಅದನ್ನೂ ಬರೆದುಕೊಂಡಳು. ಅದು ನನಗೆ ಚುಚ್ಚಿತು.

ನಾನು ನಾಲ್ಕು ವರ್ಷ ಬಿಎಫ್‌ಎ ಮಾಡಿದವನು, ಪೇಂಟಿಂಗ್. ಹೆಂಡತಿಯ ಆಸ್ಪತ್ರೆ ಕೆಲಸದ ಹಿಂದೆ ಈ ಪ್ರಾವಿಡೆನ್ಸ್ ಊರಿಗೆ ಬಂದು ಒಂಬತ್ತು ವರ್ಷವಾಯಿತು. ಊರಿನಲ್ಲಿದ್ದಾಗ ಹಳ್ಳಿಯ ಚಿತ್ರ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಪರೀಕ್ಷೆಯ ಕಾಂಪೊಸಿಷನ್ನಿಗೆ ಕೊಡುತ್ತಿದ್ದ ವಿಷಯಗಳೇ ಅವು: ಸುಗ್ಗಿ, ಸಂತೆ, ಬಾವಿಕಟ್ಟೆ, ಜಾತ್ರೆ. ಕಣದಲ್ಲಿ ಹಾಕಿದ ರಾಶಿಗೆ ಯೆಲ್ಲೋ ಆಕರ್ ಎಷ್ಟು, ಅದರ ನೆರಳಿಗೆ ನೇರಳೆ ಎಷ್ಟು ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಆ ರಾಶಿ ಆಮೇಲೆ ಎಲ್ಲಿಗೆ ಹೋಗುತ್ತಿತ್ತು ಎಂದು ಯಾವ ಮಾಸ್ತರೂ ನನ್ನನ್ನು ಕೇಳಲಿಲ್ಲ. ನನಗೂ ಕೇಳಬೇಕು ಅನ್ನಿಸಲಿಲ್ಲ. ನೂರು ಸಲ ಬರೆದ ಅಂಗಳದ ಮೂಲೆಯಲ್ಲಿ ಆ ಕಲ್ಲನ್ನು ಒಮ್ಮೆಯೂ ಬರೆದಿರಲಿಲ್ಲ ಎಂಬುದು ಅವತ್ತು ಗೊತ್ತಾಯಿತು.

ಸಂಜೆ ಏಳಕ್ಕೆ ಮನೆಗೆ ಬಂದವನೇ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಐದೂವರೆ. ಅವ್ವ ಎದ್ದು ಕಸ ಹೊಡೆಯುತ್ತಿದ್ದಳು.

"ಅವ್ವಾ, ನಮ್ಮ ಹಗೇವು ಎಷ್ಟು ಆಳ ಇತ್ತು?"

"ಯಾಕೋ ತಮ್ಮಾ, ಬೆಳಕು ಹರಿಯೂದ್ರಾಗ ಹಗೇವಿನ ಸುದ್ದಿ? ಆರಾಮ ಅದೀಯಿಲ್ಲೋ?"

ಆರಾಮ ಇದ್ದೇನೆ ಎಂದು ನಂಬಿಸಿದ ಮೇಲೆ ಶುರು ಮಾಡಿದಳು. "ನಿಮ್ಮಪ್ಪ ತಳದಾಗ ನಿಂತು ಕೈ ಮ್ಯಾಲ ಎತ್ತಿದ್ರ ಮ್ಯಾಲಿದ್ದವ್ರಿಗೆ ಕೈ ಸಿಗತಿದ್ದಿಲ್ಲ ನೋಡು. ಬುಟ್ಟಿಗೆ ಹಗ್ಗ ಕಟ್ಟಿ ಜ್ವಾಳ ಜಗ್ಗೂದು. ಬಾಯಿ ಸಣ್ಣದು, ಒಬ್ಬಾಂವ ಇಳಿಯುವಷ್ಟು. ಒಳಗ ಗಡಿಗಿ ಹೊಟ್ಟಿ ಹಂಗ ಅಗಲ." ಹೊಲ ಎರೆ ಮಣ್ಣಿನದು, ಆದರೆ ಊರು ನಿಂತದ್ದು ಗರಸು ನೆಲದ ಮೇಲೆ, ಅದಕ್ಕೇ ಹಗೇವನ್ನು ಊರೊಳಗೆ ತೋಡುತ್ತಿದ್ದರಂತೆ, ಎರೆಯಲ್ಲಿ ತೇವ ನಿಲ್ಲುತ್ತದೆ ಎಂದು. ತಳಕ್ಕೆ ಹೊಟ್ಟು, ಸುತ್ತಲೂ ಕಣಕಿ, ಅಂದರೆ ಜೋಳದ ಒಣದಂಟು ನಿಲ್ಲಿಸಿ, ನಡುವೆ ಜೋಳ ಸುರಿದು, ಮೇಲೆ ಮತ್ತೆ ಹೊಟ್ಟು ಹಾಕಿ, ಕಲ್ಲು ಮುಚ್ಚಿ, ಸಂದಿಗೆ ಮಣ್ಣು ಮೆತ್ತುವುದು. "ಗ್ವಾಡಿಗೆ ಹತ್ತಿದ್ದು ಕಪ್ಪಾಗಿ ಕೆಡತಿತ್ತು, ಅದನ್ನ ದನಕ್ಕ ಹಾಕತಿದ್ವಿ. ನಡಕಿಂದು ಬಂಗಾರ ಇದ್ದಂಗ."

"ತೆಗಿಯೂ ದಿವ್ಸ ಹೆಂಗ ಅವ್ವಾ?"

"ತೆಗದ ಕೂಡ್ಲೆ ಯಾರೂ ಇಳಿತಿದ್ದಿಲ್ಲ. ಕಲ್ಲು ಸರಿಸಿ ಒಂದು ಹಗಲು ಹಂಗ ಬಿಡೂದು. ಆಮ್ಯಾಲ ಕಂದೀಲಕ್ಕ ಹಗ್ಗ ಕಟ್ಟಿ ಇಳಸೂದು. ದೀಪಾ ಆರಿತಂದ್ರ ಇಳೀಬಾರ್ದು. ಉರೀತಂದ್ರ ಇಳಿಯೂದು. ಹಂಗ ಗಡಿಬಿಡಿಲೆ ಇಳದು ಸತ್ತಾರ ಮಂದಿ."

ನಲವತ್ತು ನಿಮಿಷ ಮಾತಾಡಿದಳು. ಮೂರನೇ ಇಯತ್ತೆ ಓದಿದ ನನ್ನವ್ವ. ಇಷ್ಟು ವರ್ಷದಲ್ಲಿ ಹೊಲಮನೆಯ ವಿಷಯವಾಗಿ ನಾನು ಅವಳಿಗೆ ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು ಎಂದು ಫೋನ್ ಇಟ್ಟ ಮೇಲೆ ಹೊಳೆಯಿತು.

ಚೌಕಟ್ಟು ಒಯ್ಯಲು ಬಂದಾಗ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಕಂದೀಲಿನ ಮಾತಿಗೆ ಅವಳು ಕುಣಿದೇ ಬಿಟ್ಟಳು. ಕೊಯ್ದ ಮೇಲೂ ಕಾಳು ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಇರುವ ಆಮ್ಲಜನಕವನ್ನು ಕಾಳು, ಹುಳ, ಬೂಷ್ಟು ಎಲ್ಲ ಸೇರಿ ತಿಂದು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡು ತುಂಬುತ್ತದೆ. ಹುಳ ಉಸಿರುಗಟ್ಟಿ ಸಾಯುತ್ತವೆ, ಕಾಳು ಉಳಿಯುತ್ತದೆ. ಆ ಗಾಳಿ ಭಾರ, ತಳದಲ್ಲೇ ಕೂರುತ್ತದೆ, ಅದಕ್ಕೇ ದೀಪ ಆರುತ್ತದೆ. ನನ್ನವ್ವ ಹೇಳಿದ್ದಕ್ಕೆ ಕಾರಣವನ್ನು ಮಣ್ಣು ಹತ್ತಿದ ಕೈಯ ಅಮೆರಿಕದ ಹುಡುಗಿಯೊಬ್ಬಳು ನನಗೆ ಬಿಡಿಸಿ ಹೇಳಿದಳು. ಮಾಲ್ಟಾ ದ್ವೀಪದಲ್ಲಿ ಕಲ್ಲಿನ ಮುಚ್ಚಳದ ಇಂಥವೇ ಕಣಜಗಳಿವೆಯಂತೆ, ಬ್ರಿಟನ್ನಿನಲ್ಲಿ ಕಬ್ಬಿಣ ಯುಗದ ಜನ ತೋಡಿದ ಗುಂಡಿಗಳೂ ಇವೆಯಂತೆ. ಅವಳ ನೋಟ್‌ಬುಕ್ಕಿನಲ್ಲಿ ಎಲ್ಲದರ ಸೀಳುನೋಟ ಬರೆದಿತ್ತು. ನಮ್ಮದಕ್ಕೆ ಒಂದು ಪುಟ ಖಾಲಿ ಬಿಟ್ಟಿದ್ದಳು.

ಇದೆಲ್ಲ ಮಡಕೆ ಮಾಡುವ ಹುಡುಗಿಗೆ ಎಲ್ಲಿಂದ ಬಂತು? ಇಲ್ಲಿನವರು ರಿಸ್ಡಿ ಎಂದು ಕರೆಯುವ ಈ ಶಾಲೆಯಲ್ಲಿ ಪದವಿಗೆ ಬೇಕಾದ ಕ್ರೆಡಿಟ್ಟುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸ್ಟುಡಿಯೋದ ಹೊರಗಿನದು. ಲಿಬರಲ್ ಆರ್ಟ್ಸ್ ಅನ್ನುತ್ತಾರೆ: ಇತಿಹಾಸ, ತತ್ವಶಾಸ್ತ್ರ, ಸಮಾಜಶಾಸ್ತ್ರ, ಸಾಹಿತ್ಯ, ಕಲೆಯ ಚರಿತ್ರೆ. ಬಣ್ಣದವನಾಗಲಿ, ಗಾಜಿನವನಾಗಲಿ, ಬಟ್ಟೆಯವಳಾಗಲಿ ಯಾರಿಗೂ ಬಿಡುವಿಲ್ಲ. ಜನವರಿ ಫೆಬ್ರುವರಿಯ ಚಳಿಯಲ್ಲಿ ಐದು ವಾರದ ಒಂದು ಪುಟ್ಟ ಅವಧಿ ಇಟ್ಟಿದ್ದಾರೆ, ಆಗ ತಮ್ಮ ವಿಭಾಗ ಬಿಟ್ಟು ಯಾವುದನ್ನಾದರೂ ಕಲಿಯಬಹುದು. ಗುಡ್ಡದ ಮೇಲೆ ಪಕ್ಕದಲ್ಲೇ ಬ್ರೌನ್ ವಿಶ್ವವಿದ್ಯಾಲಯ, ಅಲ್ಲಿಯ ತರಗತಿಗೂ ಹೋಗಿ ಕೂರಬಹುದು. 2008ರಿಂದ ಎರಡೂ ಕಡೆ ಸೇರಿ ಐದು ವರ್ಷದಲ್ಲಿ ಎರಡು ಪದವಿ ಪಡೆಯುವ ವ್ಯವಸ್ಥೆಯೂ ಇದೆ. ನಮ್ಮ ಹುಡುಗಿ ಇತಿಹಾಸದ ತರಗತಿಯೊಂದಕ್ಕೆ ಕಾಳು ಕೂಡಿಡುವ ಬಗೆಗಳ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಪಾತ್ರೆ ಮಾಡುವವಳು, ಪಾತ್ರೆ ಯಾಕೆ ಹುಟ್ಟಿತು ಎಂದು ಹುಡುಕಲು ಹೋಗಿ ನಮ್ಮ ಅಂಗಳಕ್ಕೆ ಬಂದು ಮುಟ್ಟಿದ್ದಳು.

ನನ್ನ ಕಾಲೇಜಿನ ಮಾತಿಗೆ ಬರುತ್ತೇನೆ. ಹೆಸರು ಬೇಡ, ಉತ್ತರ ಕರ್ನಾಟಕದ ಯಾವ ಚಿತ್ರಕಲಾ ಕಾಲೇಜಿನಲ್ಲಿ ಓದಿದವರಿಗೂ ಇದು ತಮ್ಮದೇ ಅನ್ನಿಸುತ್ತದೆ. ನಾನು ಸೇರಿದಾಗ ಅಪ್ಪ ಊರವರಿಗೆ "ಮಗ ಆರ್ಟ್ಸ್ ತೊಗೊಂಡಾನ" ಅಂದಿದ್ದ. ಬಿಎ ಮಾಡಿ ಕೆಎಎಸ್ ಬರೆಯುತ್ತಾನೆ ಎಂದು ಊರು ನಂಬಿತ್ತು. ಅದು ಆ ಆರ್ಟ್ಸ್ ಅಲ್ಲ, ಚಿತ್ರ ಬರೆಯುವ ಆರ್ಟ್ಸ್ ಎಂದು ಗೊತ್ತಾದಾಗ, "ಹಂಗಾರ ಓದೂದು ಏನೂ ಇಲ್ಲೇನ?" ಎಂದು ಅಪ್ಪ ಕೇಳಿದ. ಏನೂ ಇಲ್ಲ ಅಂದೆ, ಖುಷಿಯಿಂದಲೇ. ನಮ್ಮಲ್ಲಿ ಬಹಳ ಮಂದಿ ಚಿತ್ರಕಲೆಗೆ ಬಂದದ್ದೇ ಓದು ತಪ್ಪುತ್ತದೆ ಎಂದು. ಡ್ರಾಯಿಂಗ್ ಲೋಯರ್, ಹೈಯರ್ ಪಾಸಾಗಿದೆ, ಪಿಯುಸಿ ಸೈನ್ಸ್ ಹೋಗಿದೆ, ಇನ್ನೇನು ಮಾಡುವುದು ಎಂದು ಬಂದವರು. ಕಾಲೇಜು ಕೂಡ ನಮ್ಮನ್ನು ಹಾಗೆಯೇ ತೆಗೆದುಕೊಂಡಿತು. ಇವರಿಗೆ ಓದು ಹತ್ತುವುದಿಲ್ಲ, ಕೈ ಚೆನ್ನಾಗಿದೆ, ಕೈಗೆ ಕೆಲಸ ಕೊಟ್ಟರೆ ಸಾಕು. ಹದಿನೆಂಟರ ಹುಡುಗರ ಬಗ್ಗೆ ಹಾಗೆ ತೀರ್ಮಾನಿಸಿಬಿಡುವುದು ಎಷ್ಟು ದೊಡ್ಡ ಅನ್ಯಾಯ ಎಂದು ಆಗ ತಿಳಿಯಲಿಲ್ಲ.

ಥಿಯರಿ ಎಂಬುದೊಂದು ಇತ್ತು. ವಾರಕ್ಕೆ ಎರಡು ದಿನ, ಬೆಳಿಗ್ಗೆ ಎಂಟಕ್ಕೆ. ಮಾಸ್ತರರು ಹಳದಿಯಾದ ನೋಟ್ಸ್ ತಂದು ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಚಿತ್ರಕಲೆಯ ಆರು ಅಂಗಗಳಾದ ಷಡಂಗಗಳು: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ. ಐದು ಅಂಕಕ್ಕೆ ಬರುತ್ತದೆ, ಹತ್ತಕ್ಕೂ ಬರಬಹುದು. ಅಜಂತಾ ಗುಹೆ ಸಂಖ್ಯೆ ಒಂದು, ಪದ್ಮಪಾಣಿ. ಪದ್ಮಪಾಣಿ ಯಾರು, ಬೌದ್ಧರು ಅವನನ್ನು ಯಾಕೆ ಬರೆದರು, ಅಷ್ಟು ಎತ್ತರದ ಗುಹೆಗೆ ಬಣ್ಣಕ್ಕೂ ಅನ್ನಕ್ಕೂ ದುಡ್ಡು ಯಾರು ಕೊಟ್ಟರು, ಇದನ್ನು ಕೇಳುವ ಜಾಗವೇ ಆ ನೋಟ್ಸಿನಲ್ಲಿ ಇರಲಿಲ್ಲ.

ನನ್ನನ್ನು ಇವತ್ತಿಗೂ ಕಾಡುವುದು ಅದೇ ನೋಟ್ಸಿನಲ್ಲಿದ್ದ ಇನ್ನೊಂದು ಪ್ರಸಂಗ. ವಿಷ್ಣುಧರ್ಮೋತ್ತರ ಪುರಾಣದ್ದು. ವಜ್ರನೆಂಬ ರಾಜ ಮಾರ್ಕಂಡೇಯ ಋಷಿಯ ಬಳಿ ಹೋಗಿ ಮೂರ್ತಿ ಮಾಡುವುದನ್ನು ಕಲಿಸು ಎಂದು ಕೇಳುತ್ತಾನೆ. ಚಿತ್ರ ಗೊತ್ತಿಲ್ಲದವನಿಗೆ ಮೂರ್ತಿ ತಿಳಿಯದು ಅನ್ನುತ್ತಾನೆ ಋಷಿ. ಹಾಗಾದರೆ ಚಿತ್ರ ಕಲಿಸು. ನೃತ್ಯ ಗೊತ್ತಿಲ್ಲದೆ ಚಿತ್ರ ತಿಳಿಯದು. ನೃತ್ಯ ಕಲಿಸು. ವಾದ್ಯ ಗೊತ್ತಿಲ್ಲದೆ ನೃತ್ಯ ತಿಳಿಯದು. ವಾದ್ಯಕ್ಕೆ ಗಾಯನ ಬೇಕು. ಎರಡನೇ ವರ್ಷದ ಪರೀಕ್ಷೆಯಲ್ಲಿ ನಾನು ಇದನ್ನು ತಪ್ಪಿಲ್ಲದೆ ಬರೆದು ಪೂರ್ತಿ ಅಂಕ ತೆಗೆದುಕೊಂಡೆ. ಆ ನಾಲ್ಕು ವರ್ಷದಲ್ಲಿ ಒಬ್ಬ ಹಾಡುಗಾರನೂ, ಒಬ್ಬ ನರ್ತಕಿಯೂ ನಮ್ಮ ಕಾಲೇಜಿನ ಬಾಗಿಲು ತುಳಿಯಲಿಲ್ಲ. ಗದಗ, ಧಾರವಾಡ ನಮ್ಮ ಸುತ್ತಲೇ ಇದ್ದವು! ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳಗಿನ ಜಾವಕ್ಕೆ ಹುಡುಗರು ಸ್ವರ ಹಚ್ಚುತ್ತಿದ್ದರು. ಚಿತ್ರದ ಹುಡುಗರನ್ನು ಒಂದು ದಿನ ಕರೆದುಕೊಂಡು ಹೋಗಿ ಅಲ್ಲಿ ಕೂರಿಸಲು ಒಂದು ಬಸ್ ಚಾರ್ಜಿಗಿಂತ ಹೆಚ್ಚೇನು ಬೇಕಿತ್ತು? ಅಮೆರಿಕದವರಿಗೆ ಇದು ಈಚಿನ ವಿಚಾರ. ನಮ್ಮದು ಸಾವಿರ ವರ್ಷ ದಾಟಿದ ವಿಚಾರ, ಅದನ್ನು ಪ್ರಶ್ನೆಪತ್ರಿಕೆಯಲ್ಲಿ ಹೂತುಬಿಟ್ಟಿದ್ದೇವೆ.

ಒಮ್ಮೆ ಆ ಹುಡುಗಿ ನನ್ನನ್ನು ತಮ್ಮ ನೇಚರ್ ಲ್ಯಾಬಿಗೆ ಕರೆದುಕೊಂಡು ಹೋದಳು. ಎಡ್ನಾ ಲಾರೆನ್ಸ್ ಎಂಬ ಡ್ರಾಯಿಂಗ್ ಟೀಚರ್ 1937ರಲ್ಲಿ ಶುರು ಮಾಡಿದ್ದು. ಆಕೆ ಹೋದಲ್ಲೆಲ್ಲ ಚಿಪ್ಪು, ಬೀಜ, ಕೀಟ, ಎಲುಬು ಆರಿಸಿ ತಂದು ಮಕ್ಕಳ ಮುಂದಿಡುತ್ತಿದ್ದಳಂತೆ. ಈಗ ಅಲ್ಲಿ ಸುಮಾರು 80,000 ವಸ್ತುಗಳಿವೆ. ಹಳೆಯ ಮರದ ಕಪಾಟು, ಗಾಜಿನ ಬಾಗಿಲು, ಸಣ್ಣ ಸಣ್ಣ ಡ್ರಾಯರು. ಒಂದು ಡ್ರಾಯರು ಎಳೆದಳು: ತುಂಬ ಬೀಜದ ಕೋಶಗಳು. ಒಂದನ್ನು ಎತ್ತಿ ನನ್ನ ಅಂಗೈಗೆ ಇಟ್ಟಳು. ಮುಟ್ಟಬಹುದೇ ಎಂದು ಕೇಳಿದೆ. ಮುಟ್ಟಲೆಂದೇ ಇಟ್ಟಿರುವುದು ಅಂದಳು. ಒಣಗಿ ಹಗುರವಾಗಿದ್ದ ಕಾಯಿ, ಒಳಗೆ ಬೀಜ ಕೂತಿದ್ದ ಗೂಡುಗಳು, ಗೂಡಿನ ನಡುವೆ ಕಾಗದಕ್ಕಿಂತ ತೆಳ್ಳಗಿನ ಪರದೆ. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ ಏಡಿಯ ಚಿಪ್ಪನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬರೆಯುತ್ತಿದ್ದ. ಕೀಲು ಎಲ್ಲಿ ಮಡಚುತ್ತದೆ, ಯಾಕೆ ಒಂದೇ ಕಡೆ ಮಡಚುತ್ತದೆ ಎಂದು ಪಕ್ಕದಲ್ಲಿ ಪ್ರಶ್ನೆಗಳನ್ನು ಗೀಚಿಕೊಂಡಿದ್ದ. ನಮ್ಮ ಸ್ಟಿಲ್ ಲೈಫ್ ಮೇಜು ನೆನಪಾಯಿತು. ನಾಲ್ಕು ವರ್ಷವೂ ಅದೇ ತಾಮ್ರದ ಕೊಡ, ಅದೇ ನೀಲಿ ಬಟ್ಟೆ, ಅದೇ ಪ್ಲಾಸ್ಟಿಕ್ ಸೇಬು. ಹೊರಗೆ ಹೊಲದ ತುಂಬ ಜಾಲಿಕಾಯಿ, ಎಕ್ಕೆಕಾಯಿ, ಹತ್ತಿಯ ತೊಳೆ ಒಡೆದು ನಿಂತಿರುತ್ತಿದ್ದವು.

ಈ ಶಾಲೆ ಹುಟ್ಟಿದ ಕತೆಯನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನಕ್ಕೆಂದು ಈ ರಾಜ್ಯದ ಹೆಂಗಸರು ಕೂಡಿಸಿದ ಹಣದಲ್ಲಿ 1,675 ಡಾಲರ್ ಉಳಿಯಿತು. ಏನು ಮಾಡುವುದು? ಊರಿನ ಉದ್ಯಾನದಲ್ಲಿ ಒಂದು ಕಾರಂಜಿ ಕಟ್ಟಿಸೋಣ ಎಂಬ ಮಾತೂ ಬಂತು. ಹೆಲೆನ್ ಮೆಟ್ಕಾಫ್ ಎಂಬಾಕೆ ಹಟ ಹಿಡಿದು ಶಾಲೆ ಮಾಡಿಸಿದಳು. 1877ರಲ್ಲಿ ಶಾಲೆಯೂ ವಸ್ತುಸಂಗ್ರಹಾಲಯವೂ ಒಟ್ಟಿಗೆ ಹುಟ್ಟಿದವು. ಇವತ್ತು ಆ ಮ್ಯೂಸಿಯಮ್ಮಿನ ಒಂದು ಕೋಣೆಯಲ್ಲಿ ಜಪಾನಿನಿಂದ ಬಂದ ಮರದ ಬುದ್ಧ ಕೂತಿದ್ದಾನೆ, ಒಂಬತ್ತು ಅಡಿ ಎತ್ತರ, ಹನ್ನೆರಡನೇ ಶತಮಾನದವನು. ತರಗತಿ ಬಿಟ್ಟ ಮಕ್ಕಳು ಅಲ್ಲಿ ಹೋಗಿ ಕೂರುತ್ತಾರೆ, ಕೆಲವರು ಬರೆಯುತ್ತಾರೆ, ಕೆಲವರು ಸುಮ್ಮನೆ ನೋಡುತ್ತಾರೆ. ಅಷ್ಟು ಹೊತ್ತು ಯಾವ ಚಿತ್ರದ ಮುಂದೆಯೂ ಸುಮ್ಮನೆ ಕೂರಲು ನನಗೆ ಯಾರೂ ಕಲಿಸಿರಲಿಲ್ಲ.

ಬಾಸ್ಟನ್ನಿನ ಕಡೆ ಯುಗಾದಿಗೆ ನಮ್ಮವರು ಸೇರಿದ್ದಾಗ, ಮಂಡ್ಯದ ಕಡೆಯ ದಂಪತಿಗಳು ಮಗಳ ಚಿಂತೆ ಹೇಳಿಕೊಂಡರು. ಅವಳಿಗೆ ಆರ್ಟ್ ಸ್ಕೂಲಿಗೇ ಹೋಗಬೇಕಂತೆ. "ಬರೀ ಚಿತ್ರ ಬರ್ಕೊಂಡು ಕೂತ್ರೆ ಪ್ರಪಂಚ ಏನ್ ಗೊತ್ತಾಗುತ್ತೆ ಸಾರ್?" ಎಂದರು ತಂದೆ. ನನ್ನಪ್ಪನ ಪ್ರಶ್ನೆಯೇ ಅದು, ಇಪ್ಪತ್ತೈದು ವರ್ಷ ದಾಟಿ, ಸಮುದ್ರ ದಾಟಿ ಬಂದಿತ್ತು. ಅಲ್ಲಿ ಬರೀ ಚಿತ್ರ ಬರೆಸುವುದಿಲ್ಲ ಸಾರ್, ಇತಿಹಾಸ ಓದಿಸುತ್ತಾರೆ, ವಿಜ್ಞಾನ ಓದಿಸುತ್ತಾರೆ, ಬರೆಸುತ್ತಾರೆ, ಜಗಳ ಆಡಿಸುತ್ತಾರೆ ಎಂದು ಅರ್ಧ ಗಂಟೆ ಮಾತಾಡಿದೆ. ಮಾತಾಡುತ್ತಿದ್ದದ್ದು ನನ್ನ ಸಲುವಾಗಿ ಎಂದು ಆಮೇಲೆ ಅನ್ನಿಸಿತು.

ಆವತ್ತು ಅವರಿಗೆ ಹೇಳದೆ ಬಿಟ್ಟ ಮಾತುಗಳಿವೆ, ಅವನ್ನು ಇಲ್ಲಿ ಹೇಳಬೇಕು. ಈ ಶಾಲೆಯ ಫೀ ವರ್ಷಕ್ಕೆ 60,000 ಡಾಲರ್ ದಾಟಿದೆ. ನಮ್ಮ ಲೆಕ್ಕದಲ್ಲಿ 50 ಲಕ್ಷ ರೂಪಾಯಿಗೂ ಮೇಲೆ, ಊಟ ವಸತಿ ಬೇರೆ. ನಾನು ಓದುವಾಗ ನನ್ನ ಇಡೀ ವರ್ಷದ ಫೀ ಒಂದು ಎಮ್ಮೆಯ ಬೆಲೆಗಿಂತ ಕಡಿಮೆ ಇತ್ತು. ಮುರುಕು ಕುರ್ಚಿಯ, ಸೋರುವ ಹೆಂಚಿನ ಆ ಕಾಲೇಜು ಇರದಿದ್ದರೆ ಒಣಬೇಸಾಯದ ಮನೆಯ ಹುಡುಗ ಕುಂಚ ಹಿಡಿಯುತ್ತಲೇ ಇರಲಿಲ್ಲ. ಅದನ್ನು ಮರೆತರೆ ನನಗೆ ಅನ್ನ ಹತ್ತುವುದಿಲ್ಲ.

ಕೈಯ ಮಾತೂ ಇದೆ. ವಾರಕ್ಕೆ ನೂರು ಸ್ಕೆಚ್ ತರಬೇಕು ಎಂದು ಕಟ್ಟಪ್ಪಣೆ ಮಾಡಿದ್ದ ಮಾಸ್ತರರ ದೆಸೆಯಿಂದ ನಾವು ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ, ದನದ ಸಂತೆಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಕೂತು ಬರೆದೆವು. ಮಲಗಿದ ಕೂಲಿಯವನ ಮೊಣಕಾಲು ಚಾದರದೊಳಗೆ ಹೇಗೆ ನಿಲ್ಲುತ್ತದೆ ಎಂದು ನನ್ನ ಕೈಗೆ ಈಗಲೂ ಗೊತ್ತು. ಇಲ್ಲಿ ನನ್ನ ಅಂಗಡಿಗೆ ಬರುವ ಕೆಲವು ಚಿತ್ರಗಳ ಜೊತೆ ಎರಡು ಪುಟದ ಬರಹ ಇರುತ್ತದೆ, ಬರಹ ಗಟ್ಟಿ, ಚಿತ್ರ ತೆಳ್ಳಗೆ. ಓದಿದ್ದೆಲ್ಲ ಕೈಗೆ ಇಳಿದಿರುವುದಿಲ್ಲ. ಓದು ಹೆಚ್ಚಾಯಿತು, ಸ್ಟುಡಿಯೋಗೆ ಹೊತ್ತು ಸಾಲುವುದಿಲ್ಲ ಎಂದು ಗೊಣಗುವ ಮಕ್ಕಳೂ ಇದ್ದಾರೆ. ಅವರ ಗೊಣಗಾಟದಲ್ಲಿ ಹುರುಳಿಲ್ಲ ಎಂದು ಹೇಳಲಾರೆ.

ನಮ್ಮಲ್ಲಿ ಹೀಗೆ ಕಲಿತವರೇ ಇರಲಿಲ್ಲ ಎಂದೂ ಅಲ್ಲ. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಚಿತ್ರ ಕಲಿತು ಬಂದು ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಬಳಿ ವೀಣೆಗೆ ಕೂತರು. ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಮುಂಬಯಿಯಲ್ಲಿ ಕಥಕ್ ಕಲಿತರು. ಅವರ ಗೆರೆಯಲ್ಲಿ ಆ ಹೆಜ್ಜೆ ಕಾಣುತ್ತದೆ. ಎಂ. ಎಸ್. ನಂಜುಂಡರಾಯರು ಊರೂರು ತಿರುಗಿ ತೊಗಲುಗೊಂಬೆ ಕೂಡಿಸಿ ಚಿತ್ರಕಲಾ ಪರಿಷತ್ತಿಗೆ ತಂದಿಟ್ಟರು. ಬರೋಡಾದಲ್ಲಿ 1950ರಲ್ಲಿ ಶುರುವಾದ ಫೈನ್ ಆರ್ಟ್ಸ್ ಫ್ಯಾಕಲ್ಟಿಯಲ್ಲಿ ಪಾಠ ಮಾಡಿದ ಕೆ. ಜಿ. ಸುಬ್ರಮಣ್ಯನ್ ಅರ್ಥಶಾಸ್ತ್ರ ಓದಿ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡು, ಆಮೇಲೆ ಶಾಂತಿನಿಕೇತನಕ್ಕೆ ಹೋದವರು. ಆದರೆ ಇವರೆಲ್ಲ ತಮ್ಮ ಹಟದಿಂದ ಹುಡುಕಿಕೊಂಡರು. ಹಟವಿಲ್ಲದ, ನನ್ನಂಥ ಸಾಧಾರಣ ಹುಡುಗನಿಗೆ ಕೈ ಹಿಡಿದು ದಾಟಿಸುವುದು ಕಾಲೇಜಿನ ಕೆಲಸ. ನನ್ನ ತಕರಾರು ಅಷ್ಟೇ.

ಇನ್ನೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಮೊದಲ ವರ್ಷ ನಮಗೆ ಕನ್ನಡ ಭಾಷೆಯ ಪಾಠ ಇತ್ತು, ಎಲ್ಲರೂ ತಪ್ಪಿಸಿಕೊಂಡು ಚಹಾದ ಅಂಗಡಿಯಲ್ಲಿ ಇರುತ್ತಿದ್ದೆವು. ಆ ಸರ್ ಒಂದು ರವಿವಾರ, ಬಂದಿದ್ದ ನಾಲ್ಕೇ ಜನರನ್ನು ತಮ್ಮ ಕೈಯಿಂದ ಟಿಕೆಟು ತೆಗೆದು ಲಕ್ಕುಂಡಿಗೆ ಕರೆದುಕೊಂಡು ಹೋದರು. ಬ್ರಹ್ಮ ಜಿನಾಲಯದ ಮುಂದೆ ನಿಲ್ಲಿಸಿ, ಇದನ್ನು ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು, ಕಲ್ಲನ್ನೂ ಓಲೆಯನ್ನೂ ಒಂದೇ ಕೈ ಸಾಕಿತು ಎಂದು ಹೇಳಿದರು. ಸ್ಕೆಚ್ ಪುಸ್ತಕ ತೆಗೆದ ನನಗೆ, "ಸ್ವಲ್ಪ ತಡಿ, ಮೊದ್ಲ ಇದರ ಸುತ್ತ ಒಂದು ಸಲ ನಡದು ಬಾ" ಅಂದರು. ನಡೆದು ಬಂದೆ. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿ, ರೊಟ್ಟಿ ಪುಂಡಿಪಲ್ಲೆ ತಿಂದೆವು. ಆ ಒಂದು ದಿನ ಸಿಲೆಬಸ್ಸಿನಲ್ಲಿ ಇರಲಿಲ್ಲ, ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಆ ನಾಲ್ಕು ವರ್ಷದಲ್ಲಿ ನನಗೆ ಪೂರ್ತಿ ನೆನಪಿರುವ ದಿನ ಅದೊಂದೇ.

ಅಕ್ಕನ ಮಗ ಈಗ ಬಿವಿಎ, ಅಂದರೆ ದೃಶ್ಯಕಲೆಯ ಪದವಿ, ಎರಡನೇ ವರ್ಷ. ನಮ್ಮ ಕಡೆಯೇ ಓದುತ್ತಿದ್ದಾನೆ. ಅವನಿಗೆ ಫೋನ್ ಮಾಡಿ ಊರಿಗೆ ಹೋಗು, ಅಜ್ಜಿಯನ್ನು ಕೂರಿಸಿಕೊಂಡು ಕೇಳು, ಹಗೇವು ಅಳೆದು ಬರೆದು ಕಳಿಸು ಅಂದೆ.

"ಮಾಮಾ, ಅದು ಸಿಲೆಬಸ್‌ನ್ಯಾಗ ಇಲ್ಲಲ್ಲ?" ಅಂದ. ಪಾಪ, ಅವನದೇನು ತಪ್ಪು. ಆದರೂ ಮುಂದಿನ ರವಿವಾರ ಹೋದ. ಕಲ್ಲಿನ ಮೇಲೆ ತಮ್ಮನ ಬೈಕು ನಿಂತಿತ್ತಂತೆ, ಅದನ್ನು ಸರಿಸಿ, ಇಬ್ಬರು ಆಳು ಹಿಡಿದು ಕಲ್ಲು ಎತ್ತಿದರಂತೆ. ಒಳಗೆ ಅರ್ಧ ಮಣ್ಣು ತುಂಬಿದೆ. ಇಳಿಯಬೇಡ ಎಂದು ಅಜ್ಜಿ ಕೂಗಾಡಿ, ಬಾಯಿ ತೆಗೆದು ಒಂದು ಹಗಲು ಬಿಡಿಸಿ, ಕಂದೀಲು ಈಗ ಎಲ್ಲಿದೆ, ಗಾಜಿನ ಬಾಟಲಿಯಲ್ಲಿ ಮೇಣದಬತ್ತಿ ಹಚ್ಚಿ ಹಗ್ಗ ಕಟ್ಟಿ ಇಳಿಸಿದರಂತೆ. ಉರಿಯಿತಂತೆ. ಆದರೂ ಅಜ್ಜಿ ಇಳಿಯಗೊಡಲಿಲ್ಲ, ಉದ್ದನೆ ಗಳ ಇಳಿಸಿ ಅಳೆದ.

ಮೊನ್ನೆ ಚಿತ್ರ ಕಳಿಸಿದ. ಪೆನ್ಸಿಲ್ ಕೆಲಸ, ಕೈ ಚೆನ್ನಾಗಿದೆ, ನನ್ನ ಕೈಗಿಂತ ಚೆನ್ನ. ಬಾಯಿ ಎರಡು ಅಡಿ, ಕೆಳಗೆ ಹೋದಂತೆ ಅಗಲ, ಮಣ್ಣು ತುಂಬಿದ ಜಾಗವನ್ನು ಅಜ್ಜಿ ಹೇಳಿದ ಲೆಕ್ಕದಲ್ಲಿ ಚುಕ್ಕೆ ಗೆರೆಯಿಂದ ತೋರಿಸಿದ್ದಾನೆ. ಪಕ್ಕದಲ್ಲಿ ಅಜ್ಜಿಯ ಮಾತನ್ನು ಅವಳು ಆಡಿದಂತೆಯೇ ಬರೆದಿದ್ದಾನೆ: ತಳಕ್ಕ ಹೊಟ್ಟು, ಸುತ್ತ ಕಣಕಿ, ನಡಕ ಜ್ವಾಳ. ಅದರ ಕೆಳಗೆ ಪುಟ್ಟ ಅಕ್ಷರದಲ್ಲಿ ಅವನದೇ ಒಂದು ಪ್ರಶ್ನೆ. ಕಣಕಿಯನ್ನು ಮಲಗಿಸದೆ ನಿಲ್ಲಿಸುತ್ತಿದ್ದದ್ದು ಯಾಕೆ ಮಾಮಾ, ಅಜ್ಜಿಗೂ ಗೊತ್ತಿಲ್ಲಂತ.

ಚಿತ್ರವನ್ನು ಅಂಗಡಿಯಲ್ಲಿ ಪ್ರಿಂಟ್ ತೆಗೆದು ಆ ಹುಡುಗಿಗೆಂದು ಇಟ್ಟಿದ್ದೇನೆ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದು ಜೊತೆಗೆ ಅಂಟಿಸಿದ್ದೇನೆ. ಅವಳು ಶುಕ್ರವಾರ ಬರುತ್ತೇನೆ ಅಂದಿದ್ದಾಳೆ.